ಬರೆಯೋರು ಯಾರು

ಕೋಟೆ ಬಿದ್ದ ಮೂರನೇ ದಿನ
ಬೀದರಿನ ಕಂದಕದಲ್ಲಿ ಕುದುರೆಗಳು ಇನ್ನೂ ಉಬ್ಬುತ್ತಿದ್ದಾಗ
ಸರದಾರನೊಬ್ಬ ನಮ್ಮೂರಿಗೆ ಬಂದ.
ಬೇವಿನ ಕಟ್ಟೆಯ ಮೇಲೆ ಕೂತು ನೀರು ಕೇಳಿದ.
ಕುಡಿದು, ಮೀಸೆ ಒರೆಸಿಕೊಂಡು, ಕೇಳಿದ್ದು ಒಂದೇ ಮಾತು:
‘ಈ ಊರಾಗ ಬರೆಯೋರು ಯಾರು?’

ಬಂಗಾರ ಎಲ್ಲಿ ಅನ್ನಲಿಲ್ಲ.
ಹಗೇವಿನ ಬಾಯಿ ಮುಚ್ಚಿ, ಸಗಣಿ ಸಾರಿಸಿ,
ಮೇಲೆ ಎಮ್ಮೆ ಕಟ್ಟಿ ಬಂದವರೆಲ್ಲ
ಒಬ್ಬರ ಮುಖ ಒಬ್ಬರು ನೋಡಿದರು.
ಈ ಪ್ರಶ್ನೆಗಂತ ಯಾರೂ ಏನೂ ಬಚ್ಚಿಟ್ಟಿರಲಿಲ್ಲ.

ನನ್ನ ಮುತ್ಯಾನ ಮುತ್ಯಾ ರಂಗೋಪಂತ
ಗುಂಪಿನ ಹಿಂದಿನಿಂದ ಕೈ ಎತ್ತಿದ.
ಹೆದರಿ ಎತ್ತಿದನೋ, ಹೆಮ್ಮೆಗೆ ಎತ್ತಿದನೋ,
ಕತೆ ಇಲ್ಲಿಗೆ ಬಂದಾಗೆಲ್ಲ ನಮ್ಮ ಆಯಿ
ತಲೆ ತಗ್ಗಿಸಿ ಅಡಕೆ ಕತ್ತರಿಸುತ್ತಿದ್ದಳು.

ಹಳೆ ದೊರೆಗೂ ಬರೆದವನೇ ಅವನು.
ಅದೇ ಲೆಕ್ಕಣಿಕೆ, ಅದೇ ದೌತಿ, ಅದೇ ಕೆಂಪು ಬಸ್ತಾ,
ಮೊದಲ ಸಾಲಿನ ಹೆಸರು ಮಾತ್ರ ಬೇರೆ.

ಸರದಾರ ಗುಡಿಯ ಎಣ್ಣೆ ನಿಲ್ಲಿಸಲಿಲ್ಲ,
ದರ್ಗಾದ ಚಾದರವನ್ನೂ ತಡೆಯಲಿಲ್ಲ.
ಎರಡಕ್ಕೂ ಹೊಸ ಸನದು ಬರೆಸಿಕೊಟ್ಟ.
ನಿನ್ನೆತನಕ ನಮ್ಮದೇ ಆಗಿದ್ದನ್ನು
ಇವತ್ತು ಅವನ ಕೈಯಿಂದ ಇಸಿದುಕೊಂಡು
ನಮಸ್ಕಾರ ಮಾಡಿ ಮನೆಗೆ ಬಂದೆವು.

ಹನ್ನೊಂದು ಸಿಪಾಯಿಗಳನ್ನು ಬಿಟ್ಟು ಹೋದ.
ಮಳೆ ಹಿಡಿಯುವ ಹೊತ್ತಿಗೆ ನಾಲ್ವರು.
ಕಾರ್ತಿಕಕ್ಕೆ ಒಬ್ಬ, ಅವನೂ ಕುಂಟ,
ಬಾವಿಯ ಮಗ್ಗುಲಲ್ಲಿ ಬದನೆಗಿಡ ಹಚ್ಚಿಕೊಂಡು
ಬಂದವರಿಗೆಲ್ಲ ಕಾಯಿ ಹಂಚುತ್ತಿದ್ದನಂತೆ.
ಕಾಯುವ ಕೆಲಸ ಬಸ್ತಾ ಮಾಡುತ್ತಿತ್ತು.

ರಂಗೋಪಂತ ಹಗ್ಗ ಹಿಡಿದು ಅಡ್ಡಾಡಿದ.
ಬಾವಿ ಬರೆದ. ಮಾವು, ಹುಣಸೆ ಬರೆದ.
ಎತ್ತಿನ ಹಲ್ಲು ಎಣಿಸಿದ.
ಹನ್ನೆರಡು ದಾಟಿದ ಗಂಡುಮಕ್ಕಳನ್ನು
ಬೇರೆ ಹಾಳೆಯಲ್ಲಿ ಬರೆದ, ಕಾರಣ ಹೇಳಲಿಲ್ಲ.

ಮಾಂಜ್ರಾ ಕಡೆಯ ಇಳಿಜಾರಿನಲ್ಲಿ
ಮಲಕವ್ವನದೊಂದು ತುಂಡು.
‘ಹೆಸರೇನವ್ವ ಈ ಹೊಲಕ್ಕ?’
‘ಹೆಸರಿಲ್ರಿ.’
‘ಹೆಸರಿಲ್ದ ಹೊಲ ಇರ್ತದೇನು?’
‘ಕರೆದ್ರ ಬರ್ತದೇನ್ರಿ ಅದು?
ನಾನ ಹೋಗ್ತೀನಿ ಅದರ ಕಡಿ.’

ಒಂದು ಗಳಿಗೆ ನಿಂತನಂತೆ.
ಬಿಟ್ಟುಬಿಡಬಹುದಿತ್ತು.
ಅಷ್ಟು ದೊಡ್ಡ ಮುಲುಕಿನಲ್ಲಿ ಒಂದು ತುಂಡು ತಪ್ಪಿದರೆ
ಯಾವ ದೊರೆಯ ನಿದ್ದೆಯೂ ಕೆಡುತ್ತಿರಲಿಲ್ಲ.
ಖಾಲಿ ಖಾನೆ ಕಂಡರೆ ರಂಗೋಪಂತನ ನಿದ್ದೆ ಕೆಡುತ್ತಿತ್ತು.
ಬರೆದ: ಹೆಸರಿಲ್ಲದ ಹೊಲ.
ಎರಡು ಕೂರಿಗೆ. ಬಿಳಿಜೋಳ. ಗಂಡ ಇಲ್ಲ.

ನನ್ನ ಲೆಕ್ಕದಲ್ಲಿ ನಮ್ಮೂರು ಬಿದ್ದದ್ದು ಅವತ್ತು,
ಸಂಜೆ, ದನ ಬರುವ ಹೊತ್ತಿಗೆ.

ಆಮೇಲೆ ಎಷ್ಟೋ ಮಂದಿ ಬಂದರು.
ಅಕ್ಷರ ಒಮ್ಮೆ ಬಲದಿಂದ ನಡೆಯಿತು, ಒಮ್ಮೆ ಎಡದಿಂದ.
ಬೇವು ಸತ್ತು ಅದರ ಮರಿ ಮರವಾಯಿತು.
ಬಂದವರು ಅದರಡಿ ಕೂತು ನೀರು ಕುಡಿದು ಅದನ್ನೇ ಕೇಳಿದರು.
ನಮ್ಮ ಮನೆ ಕೈ ಎತ್ತಿತು.
ಮಾಳಿಗೆ ಎದ್ದಿತು, ಬಾಗಿಲಿಗೆ ಹಿತ್ತಾಳೆ ಗುಬ್ಬಿ ಬಂತು.

ಈಗ ನಾನು ನಾಡಕಚೇರಿಯಲ್ಲಿದ್ದೇನೆ.
ಗುತ್ತಿಗೆ ಕೆಲಸ, ಹನ್ನೊಂದು ತಿಂಗಳಿಗೊಮ್ಮೆ ಸಹಿ.
ಮೊನ್ನೆ ಮಂಗಳವಾರ ಸರುಬಾಯಿ ಪಹಣಿ ಹಿಡಿದು ಬಂದಳು.
‘ಮ್ಯಾಡಂ, ಇದನ್ನ ತೆಗೀರಿ.
ಹೆಸರಿಲ್ಲದ ಹೊಲ ಅಂತದ.
ಬ್ಯಾಂಕಿನವ್ರು ಓದಿ ನಗತಾರ.’

ಅಳಿಸಿದೆ.
ಪರದೆ ಕೆಂಪಾಯಿತು: ಈ ಖಾನೆ ಖಾಲಿ ಇರುವಂತಿಲ್ಲ.
‘ಏನು ಬರೀಲಿ?’ ಅಂದೆ.
ದನಿ ನನ್ನದೇ ಹೌದೋ ಅಲ್ಲವೋ ಅನ್ನಿಸಿತು.

ಸರುಬಾಯಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು.
‘ನಿಮಗ ಗೊತ್ರಿ. ಬರೆಯೋರು ನೀವು.’

ಅಷ್ಟರಲ್ಲಿ ಕರೆಂಟು ಹೋಯಿತು.
ಜನರೇಟರಿಗೆ ಡೀಸೆಲ್ ತರಲು ಹುಡುಗ ಓಡಿದ.
ಸಾಲಿನಲ್ಲಿದ್ದವರು ಗೊಣಗುತ್ತ ನೆಲಕ್ಕೆ ಕೂತರು,
ಅವಳು ಸೆರಗಿನಿಂದ ಗಾಳಿ ಹಾಕಿಕೊಂಡಳು, ನನಗೂ ಒಂಚೂರು.
ಹತ್ತು ನಿಮಿಷವೋ, ಹನ್ನೆರಡೋ.
ಅಷ್ಟು ಹೊತ್ತು
ಆ ಹೊಲಕ್ಕೆ ಹೆಸರಿರಲಿಲ್ಲ.